ಹಿಂದಿನ ಗಾಜಿನ ಕಪ್ಪು ಚುಕ್ಕಿಗಳ ಮೇಲೆ ಫಿಲ್ಮ್ ಕೂರಿಸುವುದು

ಹೋದ ವಾರ ತಿಪಟೂರಿನಿಂದ ಕೊಬ್ಬರಿ ವ್ಯಾಪಾರಿಯೊಬ್ಬರು ಬಂದಿದ್ದರು. ಕಾರಿನ ಹಿಂದಿನ ಗಾಜು ತೋರಿಸಿ, "ಅಣ್ಣ, ಸನ್ ಫಿಲ್ಮ್ ಹಾಕಿಸಿ ಮೂರು ದಿನ ಆಗಿಲ್ಲ, ಆಗಲೇ ಗಮ್ ಬಿಟ್ಟಿದೆ ನೋಡಿ" ಅಂದರು. ಗಾಜಿನ ಸುತ್ತ ವಿಭೂತಿ ಎಳೆದ ಹಾಗೆ ಒಂದು ಬೆರಳಗಲ ಬೆಳ್ಳಗೆ ಕಾಣುತ್ತಿತ್ತು. ನಾನು ಉಗುರಿನಿಂದ ಮೆಲ್ಲಗೆ ಒತ್ತಿದೆ. ಒತ್ತಿದ ಕಡೆ ಕಪ್ಪಾಯಿತು, ಬಿಟ್ಟ ತಕ್ಷಣ ಮತ್ತೆ ಬಿಳಿ. ಅಲ್ಲಿ ಗಮ್ ಗಾಜನ್ನು ಇನ್ನೂ ಮುಟ್ಟಿಯೇ ಇರಲಿಲ್ಲ.

ತುಮಕೂರಿನ ಶಿರಾ ಗೇಟ್ ಹತ್ತಿರ ನಂದು ಸೀಟ್ ಕವರ್, ಫಿಲ್ಮ್ ಅಂಗಡಿ. ಹನ್ನೆರಡು ವರ್ಷದಲ್ಲಿ ಈ ದೂರು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಮನೆಯಲ್ಲೇ ಫಿಲ್ಮ್ ಹಾಕಿಕೊಳ್ಳುವವರು ಇಲ್ಲೇ ಸೋಲುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹಿಂದಿನ ಗಾಜಿನ ಅಂಚಿನ ಸುತ್ತ ಇರುವ ಕಪ್ಪು ಪಟ್ಟಿಯನ್ನು ಒಳಗಿನಿಂದ ಸವರಿ ನೋಡಿ. ಅಂಚಿನ ಗಟ್ಟಿ ಕಪ್ಪಿನಿಂದ ಒಳಕ್ಕೆ ಬಂದ ಹಾಗೆ ಚುಕ್ಕಿಗಳು ಚಿಕ್ಕದಾಗುತ್ತಾ ಹೋಗುತ್ತವೆ. ರಂಗೋಲಿ ಚುಕ್ಕಿಯಂತೆ ಸಾಲು ಸಾಲು. ಒಂದೊಂದೂ ಉಗುರಿಗೆ ತಗಲುತ್ತದೆ, ಅಂದರೆ ಉಬ್ಬಿದೆ. ಇದು ಮಾಮೂಲಿ ಪೇಂಟ್ ಅಲ್ಲ. ಸೆರಾಮಿಕ್ ಇಂಕ್ ಬಳಿದು 600 ಡಿಗ್ರಿಗಿಂತ ಜಾಸ್ತಿ ಶಾಖದಲ್ಲಿ ಗಾಜಿನ ಜೊತೆಗೇ ಬೇಯಿಸಿದ್ದು. ಗಾಜನ್ನು ಬಾಡಿಗೆ ಅಂಟಿಸಿರುವ ಗಮ್ ಬಿಸಿಲಿಗೆ ಹಾಳಾಗದಂತೆ ಆ ಕಪ್ಪು ನೆರಳು ಕೊಡುತ್ತದೆ. ಕುಲುಮೆಯಲ್ಲಿ ಕಪ್ಪು ಭಾಗ ಬೇಗ ಕಾಯುತ್ತದೆ, ಬರಿ ಗಾಜು ನಿಧಾನ. ಆ ವ್ಯತ್ಯಾಸ ಒಮ್ಮೆಲೇ ಬರದಿರಲಿ ಅಂತ ಚುಕ್ಕಿಗಳು. ಇಂಥ ಉಬ್ಬಿನ ಮೇಲೆ ಫಿಲ್ಮ್ ಹಾಸಿದರೆ ಅದು ಚುಕ್ಕಿಯಿಂದ ಚುಕ್ಕಿಗೆ ಚಪ್ಪರದ ಹಾಗೆ ನಿಲ್ಲುತ್ತದೆ. ಕೆಳಗೆ ಸಿಕ್ಕಿಕೊಂಡ ಗಾಳಿಯೇ ಆ ಬಿಳಿ.

ಫಿಲ್ಮ್ ಕೊಳ್ಳುವ ಮುಂಚೆ ಕಾನೂನು ತಿಳಿದಿರಲಿ. ಮೋಟಾರು ವಾಹನ ನಿಯಮ 100ರ ಪ್ರಕಾರ ಮುಂದಿನ, ಹಿಂದಿನ ಗಾಜಿನಲ್ಲಿ 70 ಪರ್ಸೆಂಟ್, ಪಕ್ಕದ ಗಾಜಿನಲ್ಲಿ 50 ಪರ್ಸೆಂಟ್ ಬೆಳಕು ಹಾಯಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಫಿಲ್ಮ್ ಅಂಟಿಸುವುದನ್ನೇ ನಿಲ್ಲಿಸಿತ್ತು. ಆಮೇಲೆ ನಿಯಮ ತಿದ್ದುಪಡಿಯಾಯಿತು, 2024ರಲ್ಲಿ ಕೇರಳ ಹೈಕೋರ್ಟ್ ಈ ಮಿತಿಯೊಳಗಿನ ಫಿಲ್ಮ್ ಹಾಕಬಹುದು ಅಂತ ಹೇಳಿತು. ನಿಮ್ಮ ಊರಿನ ಆರ್‌ಟಿಓದಲ್ಲಿ ಒಂದು ಮಾತು ಕೇಳಿಕೊಂಡೇ ಕೈ ಹಾಕಿ. ಇನ್ನೊಂದು ವಿಷಯ, ಲೆಕ್ಕ ಗಾಜು ಮತ್ತು ಫಿಲ್ಮ್ ಎರಡೂ ಸೇರಿಯೇ. 75 ಪರ್ಸೆಂಟ್ ಬೆಳಕು ಬಿಡುವ ಗಾಜಿಗೆ 70 ಪರ್ಸೆಂಟ್ ಬಿಡುವ ಫಿಲ್ಮ್ ಹಾಕಿದರೆ ಉಳಿಯುವುದು 52 ಚಿಲ್ಲರೆ. ಹಿಂದಿನ ಗಾಜಿಗೆ ಅದು ಆಗುವುದಿಲ್ಲ. ಅಲ್ಲಿಗೆ ಪೂರ್ತಿ ತಿಳಿಯಾದ, ಶಾಖ ತಡೆಯುವ ಫಿಲ್ಮ್ ಮಾತ್ರ.

ತಿಳಿ ಫಿಲ್ಮ್ ಆದರೆ ಒಂದು ಅನುಕೂಲ ಇದೆ. ಚುಕ್ಕಿ ಶುರುವಾಗುವ ಕಡೆಗೇ ಫಿಲ್ಮ್ ಕತ್ತರಿಸಿ ನಿಲ್ಲಿಸಿಬಿಡಿ. ಅಂಚು ಯಾರ ಕಣ್ಣಿಗೂ ಬೀಳುವುದಿಲ್ಲ, ಬಿಳಿ ಪಟ್ಟಿಯ ಗೊಡವೆಯೂ ಇಲ್ಲ. ನನ್ನ ಕೇಳಿದರೆ ಇದೇ ಒಳ್ಳೇ ದಾರಿ. ಆದರೆ ಅಳತೆ ಹೊರಗಿನಿಂದ ಗುರುತು ಮಾಡಿಕೊಂಡು ಕತ್ತರಿಸಿ. ಒಳಗೆ ಬ್ಲೇಡ್ ಆಡಿಸಿದರೆ ಡಿಫಾಗರ್ ಗೆರೆ, ಅಂದರೆ ಗಾಜು ಬಿಸಿ ಮಾಡಿ ಮಂಜು ಹೋಗಿಸುವ ಸಣ್ಣ ಗೆರೆ, ತುಂಡಾಗುತ್ತದೆ.

ಚುಕ್ಕಿ ಮೇಲೂ ಫಿಲ್ಮ್ ಬೇಕೇ ಬೇಕು ಅಂದರೆ ತಾಳ್ಮೆ ಬೇಕು. ಒಂದು ಲೀಟರ್ ನೀರಿಗೆ ನಾಲ್ಕು ಹನಿ ಬೇಬಿ ಶಾಂಪೂ. ಬೋರ್‌ವೆಲ್ ನೀರು ಬೇಡ, ಒಣಗಿದ ಮೇಲೆ ಸುಣ್ಣದ ಕಲೆ ಫಿಲ್ಮ್ ಒಳಗೇ ಉಳಿಯುತ್ತದೆ. ನಾನು ಶುದ್ಧ ನೀರಿನ ಘಟಕದ ಕ್ಯಾನ್ ನೀರೇ ಬಳಸುತ್ತೇನೆ. ಚುಕ್ಕಿಗಳ ನಡುವೆ ಧೂಳು ಕೂತಿರುತ್ತದೆ, ಹೈವೇ ಪಕ್ಕದ ನಮ್ಮಂಥ ಕಡೆ ಇನ್ನೂ ಜಾಸ್ತಿ. ಮೆತ್ತನೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಫಿಲ್ಮ್ ಹಾಸಿ, ಸ್ಕ್ವೀಜಿಯಲ್ಲಿ (ನೀರು ಒರೆಸುವ ರಬ್ಬರ್ ಪಟ್ಟಿ) ನಡುವಿನಿಂದ ಅಂಚಿಗೆ ನೀರು ತಳ್ಳಿ. ಚುಕ್ಕಿ ಹತ್ತಿರ ಬಿಳಿ ಉಳಿಯುತ್ತದೆ. ಆವತ್ತು ಬಿಟ್ಟುಬಿಡಿ.

ಎರಡು ಮೂರು ದಿನ ಕಾರು ಬಿಸಿಲಲ್ಲಿ ನಿಲ್ಲಲಿ. ಆಮೇಲೆ ಒಂದು ಗಟ್ಟಿ ಪ್ಲಾಸ್ಟಿಕ್ ಕಾರ್ಡಿಗೆ ಮೆತ್ತನೆ ಹತ್ತಿ ಬಟ್ಟೆ ಸುತ್ತಿ. ಬಿಸಿ ಗಾಳಿ ಊದುವ ಹೀಟ್ ಗನ್ ಕಡಿಮೆಗೆ ಇಟ್ಟು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಇರಿ. ಅಂಗೈ ಇಟ್ಟರೆ ತಡೆದುಕೊಳ್ಳುವಷ್ಟು ಬಿಸಿ ಸಾಕು, ಅದಕ್ಕಿಂತ ಜಾಸ್ತಿ ಆದರೆ ಗಾಜೇ ಬಿರಿಯಬಹುದು. ಬಿಸಿ ಇರುವಾಗಲೇ ಕಾರ್ಡಿನ ಅಂಚಿನಿಂದ ಗಟ್ಟಿಯಾಗಿ ಒತ್ತಿ. ಒಂದು ಸಲಕ್ಕೆ ನಾಲ್ಕು ಬೆರಳಗಲ ಮಾತ್ರ. ಮೆತ್ತಗಾದ ಫಿಲ್ಮ್ ಚುಕ್ಕಿಗಳ ನಡುವೆ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಬಿಳಿ ಒಂದೊಂದೇ ಸಾಲು ಮಾಯವಾಗುತ್ತದೆ. ತಣ್ಣಗಾಗುವ ತನಕ ಬೆರಳು ತೆಗೆಯಬೇಡಿ. ವಾರ ಬಿಟ್ಟು ಇನ್ನೊಂದು ಸಲ ಮಾಡಿ. ಆದರೂ ಕೆಲವು ಕಾರಿನಲ್ಲಿ ಚುಕ್ಕಿ ತುಂಬಾ ದಪ್ಪ, ಪೂರ್ತಿ ಕೂರುವುದಿಲ್ಲ. ಅಂಥದಕ್ಕೆ ಗಾಜಿನ ಹೊರಗಡೆ, ಚುಕ್ಕಿ ಇರುವಷ್ಟೇ ಅಗಲಕ್ಕೆ ಕಪ್ಪು ವಿನೈಲ್ ಪಟ್ಟಿ ಅಂಟಿಸುತ್ತೇನೆ. ಬಿಳಿ ಮುಚ್ಚಿಹೋಗುತ್ತದೆ.

ಚುಕ್ಕಿಗಳನ್ನು ಬ್ಲೇಡಿನಿಂದ ಕೆರೆದು ತೆಗೆಯಿರಿ ಅಂತ ಹೇಳುವವರಿದ್ದಾರೆ. ದಯವಿಟ್ಟು ಬೇಡ. ಕೆಲಸ ಕಲಿಯುವಾಗ ನಾನೂ ಹಾಗೆ ಮಾಡಿದ್ದೆ. ಚುಕ್ಕಿ ಅರ್ಧ ಹೋಯಿತು, ಗಾಜಿನ ಮೇಲೆ ಗೀರು ಬಿತ್ತು, ಜೊತೆಗೆ ಡಿಫಾಗರ್‌ನ ಎರಡು ಗೆರೆ ಸತ್ತವು. ಮಳೆಗಾಲದಲ್ಲಿ ಆ ಕಾರಿನವರು ಹಿಂದೆ ಏನೂ ಕಾಣದೆ ಬಟ್ಟೆಯಲ್ಲಿ ಒರೆಸಿಕೊಂಡು ಓಡಿಸುತ್ತಿದ್ದರು. ಅದನ್ನು ಕಂಡಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ.

ತಿಪಟೂರಿನವರ ಗಾಜಿಗೆ ಆವತ್ತು ಒಂದು ಸುತ್ತು ಒತ್ತಿ ಕಳಿಸಿದ್ದೇನೆ. ಮೇಲಂಚು ಪೂರ್ತಿ ಕೂತಿದೆ, ಬಲಗಡೆ ಮೂಲೆಯಲ್ಲಿ ಸ್ವಲ್ಪ ಉಳಿದಿದೆ. ಫಿಲ್ಮ್ ಪೂರ್ತಿ ಒಣಗುವ ತನಕ ಡಿಫಾಗರ್ ಹಾಕಬೇಡಿ ಅಂತ ಹೇಳಿದ್ದೇನೆ. ಬರುವ ಸೋಮವಾರ ಎರಡನೇ ಸುತ್ತು.