ವಿಮಾನದ ದಾರಿ ಎಷ್ಟು ದೂರ, ಪ್ರಯಾಣ ಎಷ್ಟು ಹೊತ್ತು? ನೀವೇ ಲೆಕ್ಕ ಹಾಕಿ

ಟಿಕೆಟ್‌ನಲ್ಲಿ ಹೊರಡುವ ಸಮಯವೂ ಇರುತ್ತದೆ, ತಲುಪುವ ಸಮಯವೂ ಇರುತ್ತದೆ. ಒಂದರಲ್ಲಿ ಇನ್ನೊಂದನ್ನು ಕಳೆದರೆ ಪ್ರಯಾಣದ ಅವಧಿ ಸಿಕ್ಕಿತು ಅಂದುಕೊಳ್ಳುವವರೇ ಜಾಸ್ತಿ. ಆ ಲೆಕ್ಕ ಗಂಟೆಗಟ್ಟಲೆ ತಪ್ಪಬಹುದು. ನ್ಯೂಯಾರ್ಕ್‌ನ ಜೆಎಫ್‌ಕೆ ಮತ್ತು ಲಂಡನ್ನಿನ ಹೀಥ್ರೂ ಏರ್‌ಪೋರ್ಟ್‌ಗಳನ್ನು ಇಟ್ಟುಕೊಂಡು ಸರಿಯಾದ ಲೆಕ್ಕ ಮಾಡೋಣ.

ಮೊದಲು ಯಾವ ಏರ್‌ಪೋರ್ಟ್ ಅನ್ನುವುದನ್ನು ಖಚಿತ ಮಾಡಿಕೊಳ್ಳಿ. ಊರಿನ ಹೆಸರಷ್ಟೇ ಸಾಲದು. ಲಂಡನ್ನಿಗೇ ಹೀಥ್ರೂ, ಗ್ಯಾಟ್‌ವಿಕ್, ಸ್ಟಾನ್‌ಸ್ಟೆಡ್ ಅಂತ ಹಲವು ಇವೆ. ಟಿಕೆಟ್‌ನಲ್ಲಿರುವ ಮೂರಕ್ಷರದ ಕೋಡ್ ನೋಡಿ.

ಇನ್ನು ದೂರ. ಗೋಡೆಯ ಭೂಪಟದ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ. ದುಂಡಗಿನ ಭೂಮಿಯನ್ನು ಚಪ್ಪಟೆ ಮಾಡಿದಾಗ ಅಳತೆಗಳು ಹಿಗ್ಗುತ್ತವೆ, ಕುಗ್ಗುತ್ತವೆ. ಗ್ಲೋಬ್ ಇದ್ದರೆ ಎರಡೂ ಜಾಗಗಳಿಗೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ಉತ್ತರಕ್ಕೆ ಸರಿದು, ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಮೇಲೆ ಹಾಯ್ದು ಲಂಡನ್ ಸೇರುತ್ತದೆ. ಭೂಪಟದಲ್ಲಿ ಬಳಸುದಾರಿಯಂತೆ ಕಂಡರೂ ಎಲ್ಲಕ್ಕಿಂತ ಹತ್ತಿರದ ದಾರಿ ಇದೇ.

ಕಿಲೋಮೀಟರ್‌ನಲ್ಲೇ ಬೇಕಾದರೆ ಸೈಂಟಿಫಿಕ್ ಕ್ಯಾಲ್ಕುಲೇಟರ್ ಸಾಕು. ಎರಡೂ ಏರ್‌ಪೋರ್ಟ್‌ಗಳ ಅಕ್ಷಾಂಶಗಳ ಸೈನ್‌ಗಳನ್ನು (sin ಬಟನ್) ಗುಣಿಸಿ ಬರೆದಿಟ್ಟುಕೊಳ್ಳಿ. ಆಮೇಲೆ ಅವೇ ಅಕ್ಷಾಂಶಗಳ ಕೊಸೈನ್‌ಗಳನ್ನು (cos ಬಟನ್) ಗುಣಿಸಿ, ಅದನ್ನು ರೇಖಾಂಶಗಳ ಅಂತರದ ಕೊಸೈನ್‌ನಿಂದ ಮತ್ತೆ ಗುಣಿಸಿ. ಎರಡೂ ಉತ್ತರಗಳನ್ನು ಕೂಡಿಸಿ, ಆ ಸಂಖ್ಯೆ ಯಾವ ಕೋನದ ಕೊಸೈನ್ ಅಂತ cos⁻¹ ಬಟನ್ ಒತ್ತಿ ನೋಡಿ. ಇಲ್ಲಿ ಬರುವುದು ಸುಮಾರು 49.8 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿಗೆ 111.2 ಕಿ.ಮೀ. ಅಲ್ಲಿಗೆ ದೂರ ಸುಮಾರು 5,540 ಕಿ.ಮೀ. ಒಂದು ಏರ್‌ಪೋರ್ಟ್ ಪೂರ್ವ ರೇಖಾಂಶದಲ್ಲಿ, ಇನ್ನೊಂದು ಪಶ್ಚಿಮದಲ್ಲಿದ್ದರೆ ರೇಖಾಂಶಗಳನ್ನು ಕಳೆಯಬೇಡಿ, ಕೂಡಿಸಿ.

ದೊಡ್ಡ ಜೆಟ್ ವಿಮಾನಕ್ಕೆ ಗಂಟೆಗೆ 850 ಕಿ.ಮೀ. ವೇಗ ಅಂತ ಹಿಡಿಯಿರಿ. ಆರೂವರೆ ಗಂಟೆ ಆಯಿತು. ರನ್‌ವೇವರೆಗೆ ಸಾಗಲು, ಮೇಲೇರಲು, ಇಳಿಯಲು ಇನ್ನೊಂದು ಅರ್ಧ ಗಂಟೆ ಸೇರಿಸಿ. ಒಟ್ಟು ಏಳು.

ಆದರೆ ಗಾಳಿಯನ್ನು ಮರೆಯುವಂತಿಲ್ಲ. ಅಟ್ಲಾಂಟಿಕ್ ಮೇಲೆ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಅನ್ನುವ ಬಲವಾದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಹಾಗಾಗಿ ಲಂಡನ್ನಿಗೆ ಹೋಗಲು ಸುಮಾರು ಏಳು ಗಂಟೆ ಸಾಕಾದರೆ, ನ್ಯೂಯಾರ್ಕ್‌ಗೆ ಮರಳಲು ಎಂಟು ಗಂಟೆಯಾದರೂ ಬೇಕು. ದಾರಿ ಒಂದೇ ಆದರೂ ಹೋಗುವ, ಬರುವ ಅವಧಿಯನ್ನು ಬೇರೆ ಬೇರೆಯಾಗಿಯೇ ನೋಡಿ.

ಕೊನೆಗೆ ಗಡಿಯಾರ. ಟಿಕೆಟ್‌ನಲ್ಲಿರುವುದು ಆಯಾ ಊರಿನ ಸಮಯ. ಚಳಿಗಾಲದಲ್ಲಿ ನ್ಯೂಯಾರ್ಕ್‌ನಿಂದ ರಾತ್ರಿ 7ಕ್ಕೆ ಹೊರಟು ಮರುದಿನ ಬೆಳಿಗ್ಗೆ 7ಕ್ಕೆ ಲಂಡನ್ ತಲುಪಿದರೆ ಹನ್ನೆರಡು ಗಂಟೆ ಆಯಿತು ಅನಿಸುತ್ತದೆ, ಅಲ್ವಾ? ನ್ಯೂಯಾರ್ಕ್ ಐದು ಗಂಟೆ ಹಿಂದಿದೆ. ಅದನ್ನು ಕಳೆದರೆ ಏಳೇ ಗಂಟೆ.

ಈ ಐದು ಗಂಟೆಯೂ ವರ್ಷವಿಡೀ ಐದೇ ಇರುವುದಿಲ್ಲ. ಬೇಸಿಗೆ ಸಮಯಕ್ಕಾಗಿ ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಬ್ರಿಟನ್ನಿನಲ್ಲಿ ಕೊನೆಯ ಭಾನುವಾರ. ನಡುವಿನ ವಾರಗಳಲ್ಲಿ ವ್ಯತ್ಯಾಸ ನಾಲ್ಕೇ ಗಂಟೆ. ಅದಕ್ಕೇ ಸಮಯದ ವ್ಯತ್ಯಾಸವನ್ನು ನೀವು ಹೊರಡುವ ತಾರೀಕಿಗೇ ನೋಡಿಕೊಳ್ಳಿ.