ಟಿಕೆಟ್ ಸಿಗದಿದ್ದರೂ ಸ್ಟೇಡಿಯಂ ಹತ್ತಿರ ಹೋಗಿ

ಅಮೆರಿಕದ ಬೇಸ್‌ಬಾಲ್ ಫೈನಲ್ ಆದ ವರ್ಲ್ಡ್ ಸೀರೀಸ್ ಟಿಕೆಟ್ ಸಿಗಲಿಲ್ಲ ಅಂತ ಮನೆಯಲ್ಲಿ ಟಿವಿ ಮುಂದೆ ಕೂತುಬಿಡಬೇಡಿ. ನಿಮ್ಮ ತಂಡ ಕಪ್ ಗೆಲ್ಲುವ ಹಾಗಿದ್ದರೆ ಸ್ಟೇಡಿಯಂ ಹೊರಗಿನ ಬೀದಿಗೆ ಹೋಗಿ. ಮ್ಯಾಚ್ ಬೇರೆ ಊರಲ್ಲಿದ್ದರೂ ಹೋಗಿ. 2016ರ ನವೆಂಬರ್ 2ರಂದು ಶಿಕಾಗೊ ಕಬ್ಸ್ ಏಳನೇ ಮ್ಯಾಚ್ ಆಡಿದ್ದು ಕ್ಲೀವ್‌ಲ್ಯಾಂಡ್‌ನಲ್ಲಿ. ಆದರೆ ಸಾವಿರಾರು ಜನ ಬಂದು ನಿಂತಿದ್ದು ಶಿಕಾಗೊದಲ್ಲಿರುವ ಅವರ ತವರು ಮೈದಾನ ರಿಗ್ಲಿ ಫೀಲ್ಡ್ ಎದುರು. ಒಳಗೆ ಮೈದಾನ ಖಾಲಿ, ಹೊರಗೆ ಕಾಲಿಡಲು ಜಾಗವಿಲ್ಲ. 1908ರ ನಂತರ ಕಪ್ಪನ್ನೇ ನೋಡದ ತಂಡ ಅದು. ಆ ಗುಂಪಿನಲ್ಲಿ ನಾನೂ ಇದ್ದೆ, ಅಲ್ಲಿ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದಿನದ ಲೆಕ್ಕ. ಏಳು ಮ್ಯಾಚ್‌ಗಳಲ್ಲಿ ನಾಲ್ಕು ಗೆದ್ದವರಿಗೆ ಕಪ್. ನಿಮ್ಮ ತಂಡ ಮೂರು ಗೆದ್ದ ಕೂಡಲೇ ಮುಂದಿನ ಮ್ಯಾಚ್‌ಗೆ ತಯಾರಾಗಿ, ಮರುದಿನ ರಜೆ ಹಾಕಿ. ಬೇಸ್‌ಬಾಲ್‌ನಲ್ಲಿ ಇಷ್ಟೇ ಹೊತ್ತಿಗೆ ಮುಗಿಯಬೇಕು ಅಂತ ಇಲ್ಲ. ಅವತ್ತು ಎಂಟನೇ ಇನ್ನಿಂಗ್ಸ್‌ನಲ್ಲಿ ಎದುರಾಳಿ ಕ್ಲೀವ್‌ಲ್ಯಾಂಡ್‌ನ ರಜಾಯ್ ಡೇವಿಸ್ ಚೆಂಡನ್ನು ಬೇಲಿಯಾಚೆ ಕಳಿಸಿ, ಅಂದರೆ ಹೋಮ್ ರನ್ ಹೊಡೆದು, 6-6 ಮಾಡಿದಾಗ ನಮ್ಮ ಬೀದಿ ಪೂರ್ತಿ ಸ್ತಬ್ಧ. ಸಾಮಾನ್ಯವಾಗಿ ಮ್ಯಾಚ್ ಮುಗಿಯುವ ಒಂಬತ್ತನೇ ಇನ್ನಿಂಗ್ಸ್ ಆದರೂ ಸಮ, ಆಮೇಲೆ 17 ನಿಮಿಷ ಮಳೆ, ಹತ್ತನೇ ಇನ್ನಿಂಗ್ಸ್‌ನಲ್ಲಿ ಕಬ್ಸ್ 8-7ರಿಂದ ಗೆದ್ದಿತು. ಶಿಕಾಗೊದಲ್ಲಿ ಆಗ ಮಧ್ಯರಾತ್ರಿ ಹತ್ತಿರ.

ಕಾರು ಬೇಡವೇ ಬೇಡ. ರಿಗ್ಲಿಗೆ ರೆಡ್ ಲೈನ್ ರೈಲಿನ ಅಡಿಸನ್ ಸ್ಟೇಷನ್ ತೀರಾ ಹತ್ತಿರ, ಹೋಗುವಾಗ ಸರಿ. ಬರುವಾಗ ಅಲ್ಲಿಗೆ ನುಗ್ಗಬೇಡಿ. ದಕ್ಷಿಣಕ್ಕೆ ಸುಮಾರು ಅರ್ಧ ಮೈಲಿ ನಡೆದರೆ ಬೆಲ್ಮಾಂಟ್ ಸ್ಟೇಷನ್ ಸಿಗುತ್ತದೆ, ಸುಮ್ನೆ ನಡೆದುಬಿಡಿ. ಕಾಲು ಮುಚ್ಚುವ ಶೂ ಹಾಕಿ, ಗಾಜಿನ ಚೂರು ಬಿದ್ದಿರುತ್ತದೆ. ನವೆಂಬರ್ ರಾತ್ರಿ, ಜಾಕೆಟ್ ಇರಲಿ. ಟಾಯ್ಲೆಟ್‌ಗೆ ಹೋಗಿಯೇ ಗುಂಪು ಸೇರಿ, ಒಮ್ಮೆ ಒಳಗೆ ಸೇರಿದರೆ ಹೊರಗೆ ಬರೋದು ಕಷ್ಟ. ಬೀದಿಯಲ್ಲಿ ಬಿಯರ್ ಹಿಡಿದು ನಿಲ್ಲುವುದು ಶಿಕಾಗೊದಲ್ಲಿ ಕಾನೂನಿಗೆ ವಿರುದ್ಧ. ಫೋನ್ ನೆಟ್‌ವರ್ಕ್ ಕೈ ಕೊಡುತ್ತದೆ, ಅದಕ್ಕೆ ಗೆಳೆಯರು ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ಮ್ಯಾಚ್ ನೋಡೋದು ಹೇಗೆ? ನೋಡುವ ಆಸೆ ಬಿಡಿ, ಕೇಳಿ. ಪುಟ್ಟ ರೇಡಿಯೋ ಒಂದಿದ್ದರೆ ಸಾಕು. ಫೋನಿನಲ್ಲಿ ಬರುವ ವಿಡಿಯೋ ತಡ. ನನ್ನ ಫೋನಿನಲ್ಲಿ ಚೆಂಡು ಎಸೆಯುವ ಪಿಚರ್ ಇನ್ನೂ ಚೆಂಡು ಕೈಯಲ್ಲಿ ಹಿಡಿದು ನಿಂತಿದ್ದಾನೆ, ಅಷ್ಟರಲ್ಲಿ ಪಕ್ಕದ ಬಾರಿನ ಕಿಟಕಿಯಿಂದ ಕೂಗು ಬಂತು. ಆಮೇಲೆ ಫೋನ್ ಜೇಬಿಗೆ ಹಾಕಿ, ರೇಡಿಯೋ ಹಿಡಿದಿದ್ದ ಹೆಂಗಸಿನ ಪಕ್ಕ ಹೋಗಿ ನಿಂತೆ. ನಾವು ಏಳೆಂಟು ಜನ ತಲೆಗೆ ತಲೆ ತಾಗಿಸಿಕೊಂಡು ಆ ಪುಟ್ಟ ಡಬ್ಬಿಗೇ ಕಿವಿ ಕೊಟ್ಟಿದ್ದೆವು.

ಕೊನೆಯ ಔಟ್ ಸಮಯದಲ್ಲಿ ರೆಕಾರ್ಡ್ ಮಾಡಬೇಡಿ, ದಯವಿಟ್ಟು. ಕಬ್ಸ್‌ನ ಕ್ರಿಸ್ ಬ್ರಯಂಟ್ ಚೆಂಡು ಎತ್ತಿ ಜೊತೆ ಆಟಗಾರ ಆಂಟನಿ ರಿಝೋಗೆ ಎಸೆದ, ಅಷ್ಟೇ ಕೇಳಿಸಿದ್ದು. ಉಳಿದದ್ದು ಬರೀ ಕೂಗು. ಯಾರು ಅಂತ ಗೊತ್ತಿಲ್ಲದವರು ತಬ್ಬಿಕೊಳ್ಳುತ್ತಾರೆ, ನೀವೂ ತಬ್ಬಿಕೊಳ್ಳಿ. ಆದರೆ ನಿಲ್ಲುವ ಜಾಗ ಮುಖ್ಯ. ಕ್ಲಾರ್ಕ್ ಮತ್ತು ಅಡಿಸನ್ ರಸ್ತೆ ಸೇರುವ ಕಡೆ, ರಿಗ್ಲಿಯ ಆ ದೊಡ್ಡ ಕೆಂಪು ಬೋರ್ಡಿನ ಕೆಳಗೇ, ಎಲ್ಲರೂ ನುಗ್ಗುತ್ತಾರೆ. ಮಕ್ಕಳಿದ್ದರೆ ಅಲ್ಲಿಗೆ ಹೋಗಬೇಡಿ, ಅಡ್ಡರಸ್ತೆ ಬಾಯಲ್ಲಿ ನಿಲ್ಲಿ. ತಳ್ಳಾಟ ಜಾಸ್ತಿ ಆದರೆ ಎದುರಿಸಿ ನಿಲ್ಲಬೇಡಿ, ಓರೆಯಾಗಿ ಸರಿಯುತ್ತಾ ಅಂಚಿಗೆ ಬನ್ನಿ. ಕಂಬ ಹತ್ತುವವರ ಕೆಳಗೆ ನಿಲ್ಲಲೂಬೇಡಿ.

ಗದ್ದಲ ತಗ್ಗಿತು ಅಂತ ತಕ್ಷಣ ಹೊರಡಬೇಡಿ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆಮೇಲಿನ ಹೊತ್ತು. ರಿಗ್ಲಿಯ ಇಟ್ಟಿಗೆ ಗೋಡೆ ತುಂಬ ಜನ ಸೀಮೆಸುಣ್ಣದಲ್ಲಿ ಹೆಸರು ಬರೆದಿದ್ದರು. ಈ ಗೆಲುವು ನೋಡದೇ ತೀರಿಹೋದ ಅಪ್ಪ, ಅಜ್ಜಿ, ಅಣ್ಣಂದಿರ ಹೆಸರುಗಳು. ಕೆಳಗೆಲ್ಲ ಜಾಗ ತುಂಬಿ ಹೋಗಿತ್ತು. ವಯಸ್ಸಾದವರೊಬ್ಬರು ನನ್ನ ಕೈಗೆ ನೀಲಿ ಸುಣ್ಣದ ತುಂಡು ಕೊಟ್ಟು, ನೀನು ಎತ್ತರ ಇದ್ದೀಯ, ನಮ್ಮಪ್ಪನ ಹೆಸರು ಸ್ವಲ್ಪ ಮೇಲೆ ಬರೆದುಕೊಡು ಅಂದರು. ತುದಿಗಾಲಲ್ಲಿ ನಿಂತು ಬರೆದೆ. ಅಕ್ಷರ ಸೊಟ್ಟಗಾಯಿತು. ಅವರು ಎರಡು ಹೆಜ್ಜೆ ಹಿಂದೆ ಸರಿದು, ಟೋಪಿ ತೆಗೆದು, ತುಂಬಾ ಹೊತ್ತು ಅದನ್ನೇ ನೋಡುತ್ತಾ ನಿಂತರು.