ಪಟ್ಟವಿಲ್ಲದ ರಾಜಧಾನಿಯನ್ನು ಗುರುತಿಸುವುದು ಹೇಗೆ?

ದಾವಣಗೆರೆಯನ್ನು ಮಧ್ಯ ಕರ್ನಾಟಕದ ರಾಜಧಾನಿ ಎಂದು ಭಾಷಣಗಳಲ್ಲಿಯೂ ಅಂಗಡಿ ಉದ್ಘಾಟನೆಯ ಕರಪತ್ರಗಳಲ್ಲಿಯೂ ಕರೆಯುವುದು ರೂಢಿ. ಸರ್ಕಾರದ ಕಡತಗಳಲ್ಲಿ ಮಾತ್ರ ಮಧ್ಯ ಕರ್ನಾಟಕವೆಂಬ ವಿಭಾಗವೇ ಇಲ್ಲ. ರಾಜ್ಯದ ಕಂದಾಯ ವಿಭಾಗಗಳು ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಎಂದು ನಾಲ್ಕು; ದಾವಣಗೆರೆ, ಚಿತ್ರದುರ್ಗ, ಶಿವಮೊಗ್ಗ ಈ ಮೂರು ಜಿಲ್ಲೆಗಳೂ ಬೆಂಗಳೂರು ವಿಭಾಗಕ್ಕೇ ಸೇರಿವೆ. ಹೀಗಿರುವಾಗ ಆ ಬಿರುದಿನಲ್ಲಿ ಹುರುಳೆಷ್ಟು, ಊರಭಿಮಾನವೆಷ್ಟು ಎಂದು ತೂಗಿ ನೋಡುವ ಒಂದು ಬಗೆಯನ್ನು ಇಲ್ಲಿ ವಿವರಿಸುತ್ತಿದ್ದೇನೆ. ಹುಬ್ಬಳ್ಳಿಗೋ ಮಂಗಳೂರಿಗೋ ಇದನ್ನೇ ಅನ್ವಯಿಸಿ ನೋಡಬಹುದು.

ಮೊದಲನೆಯದಾಗಿ, ಆ ಊರಿನವರನ್ನೇ ಕೇಳಬೇಡಿ. ದಾವಣಗೆರೆಯವರನ್ನು ಕೇಳಿದರೆ ಅವರು ಬೆಣ್ಣೆ ದೋಸೆಯಿಂದ ಆರಂಭಿಸುತ್ತಾರೆ. ಬೆಂಗಳೂರಿನ ಬಡಾವಣೆಗಳಲ್ಲಿ ನಮ್ಮೂರಿನ ಹೆಸರು ಹೊತ್ತ ದೋಸೆಯ ಹೋಟೆಲುಗಳಿರುವುದು ಸಂತೋಷದ ಸಂಗತಿಯೇ ಹೌದು, ಆದರೆ ಅದು ಪ್ರಸಿದ್ಧಿಯ ಗುರುತೇ ಹೊರತು ಯಜಮಾನಿಕೆಯ ಗುರುತಲ್ಲ. ಧಾರವಾಡದ ಪೇಡೆ ಎಲ್ಲೆಡೆ ಮಾರಾಟವಾದ ಮಾತ್ರಕ್ಕೆ ಹುಬ್ಬಳ್ಳಿಯ ವ್ಯಾಪಾರ ಧಾರವಾಡಕ್ಕೆ ಬರಲಿಲ್ಲ.

ಎರಡನೆಯದಾಗಿ, ಕಚೇರಿಗಳ ಪಟ್ಟಿಯನ್ನು ಬದಿಗಿಡಿ. ಪೊಲೀಸ್ ಇಲಾಖೆಯ ಪೂರ್ವ ವಲಯದ ಐಜಿಪಿ ಕಚೇರಿ ದಾವಣಗೆರೆಯಲ್ಲಿದೆ, 2009ರಲ್ಲಿ ವಿಶ್ವವಿದ್ಯಾನಿಲಯವೂ ಬಂದಿತು. ಆದರೆ ಕಚೇರಿ ಬಂದದ್ದರಿಂದ ಊರು ಬೆಳೆಯಿತೋ, ಊರು ಬೆಳೆದದ್ದರಿಂದ ಕಚೇರಿ ಬಂದಿತೋ ಎಂಬುದನ್ನು ವಿಚಾರಿಸಬೇಕು. ದಾವಣಗೆರೆ ಜಿಲ್ಲೆಯಾದದ್ದು ಜೆ.ಎಚ್. ಪಟೇಲ್ ಅವರು ಮುಖ್ಯಮಂತ್ರಿಯಾಗಿದ್ದಾಗ, 1997ರ ಆಗಸ್ಟ್ 15ರಂದು. ಅಲ್ಲಿಯವರೆಗೆ ಅದು ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ ಮಾತ್ರ, ಆದರೂ ತನ್ನ ಜಿಲ್ಲಾ ಕೇಂದ್ರಕ್ಕಿಂತ ಬಹಳ ದೊಡ್ಡ ಊರು. ಕೋಟೆ, ಮಠ, ಜಿಲ್ಲಾ ಕಚೇರಿ ಎಲ್ಲವೂ ದುರ್ಗದಲ್ಲಿದ್ದವು. ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗ ಮಾತ್ರ ಚಿಕ್ಕಜಾಜೂರಿನ ಮೂಲಕ ದಾವಣಗೆರೆಗೆ ಬಂದು, ದುರ್ಗಕ್ಕೆ ಒಂದು ಕವಲು ದಾರಿಯನ್ನಷ್ಟೇ ಬಿಟ್ಟಿತು. ಸರಕು ಇಳಿಯುವ ಕಡೆ ಮಂಡಿ, ಮಂಡಿಯಿದ್ದ ಕಡೆ ಹಣ. ಮದಕರಿ ನಾಯಕನ ನೆನಪೊಂದರಿಂದಲೇ ಪೇಟೆ ನಡೆಯುವುದಿಲ್ಲವೆಂದರೆ ದುರ್ಗದ ಗೆಳೆಯರು ಸಿಟ್ಟಾಗಬಾರದು.

ಇನ್ನು ನಿಜವಾದ ಕೆಲಸಕ್ಕೆ ಬರೋಣ. ಊರಿನ ಸುತ್ತ ನಾಲ್ಕು ದಿಕ್ಕಿಗೂ, ನಲವತ್ತು ಐವತ್ತು ಕಿಲೋಮೀಟರ್ ದೂರದಲ್ಲಿ ಒಂದೊಂದು ಹಳ್ಳಿಯನ್ನು ಆರಿಸಿಕೊಳ್ಳಿ. ಅಲ್ಲಿ ಮೂರೇ ಪ್ರಶ್ನೆ ಕೇಳಿ: ಫಸಲನ್ನು ಎಲ್ಲಿ ಮಾರುತ್ತೀರಿ, ಮದುವೆಯ ಜವಳಿಯನ್ನು ಎಲ್ಲಿ ತೆಗೆಯುತ್ತೀರಿ, ತಾಲ್ಲೂಕು ಆಸ್ಪತ್ರೆಯಲ್ಲಿ ಆಗುವುದಿಲ್ಲ ಎಂದಾಗ ಎಲ್ಲಿಗೆ ಬರೆದುಕೊಡುತ್ತಾರೆ. ಮೂರಕ್ಕೂ ಒಂದೇ ಊರಿನ ಹೆಸರು ಬಂದರೆ ಆ ಹಳ್ಳಿಯ ಮಟ್ಟಿಗೆ ರಾಜಧಾನಿ ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

ಮೂರರಲ್ಲಿ ಮೊದಲನೆಯ ಪ್ರಶ್ನೆಯೇ ಆಳವಾದದ್ದು, ಆದ್ದರಿಂದ ಅದರ ಮೇಲೆ ಹೆಚ್ಚು ಹೊತ್ತು ನಿಲ್ಲಿ. ದೀಪಾವಳಿಯ ಆಸುಪಾಸಿನಲ್ಲಿ ದಾವಣಗೆರೆಯ ಎಪಿಎಂಸಿ ಪ್ರಾಂಗಣಕ್ಕೆ ಬೆಳಿಗ್ಗೆ ಹೋದರೆ, ಹಳದಿ ರಾಶಿಯಾಗಿ ಸುರಿದ ಮೆಕ್ಕೆಜೋಳದ ನಡುವೆ, ಮುಷ್ಟಿಯಲ್ಲಿ ಕಾಳು ಹಿಡಿದು ಹಲ್ಲಿನಲ್ಲಿ ಕಡಿದು ತೇವ ನೋಡುವ ಖರೀದಿದಾರರನ್ನು ಕಾಣುತ್ತೀರಿ. ಜಗಳೂರು ಕಡೆಯ ರೈತನೊಬ್ಬ ತನ್ನ ಟ್ರ್ಯಾಕ್ಟರನ್ನು ಇಲ್ಲಿಗೇ ತರುವುದು ದರ ಹೆಚ್ಚೆಂಬ ಒಂದೇ ಕಾರಣಕ್ಕಲ್ಲ. ಜೂನ್ ತಿಂಗಳಿನಲ್ಲಿ ಬೀಜಕ್ಕೆ, ಗೊಬ್ಬರಕ್ಕೆ ಅವನು ಮುಂಗಡ ಪಡೆದದ್ದು ಇದೇ ಪ್ರಾಂಗಣದ ದಲ್ಲಾಳಿ ಅಂಗಡಿಯಿಂದ. ತೂಕವಾಗಿ, ಹಮಾಲಿ ಕಳೆದು, ಮುಂಗಡ ಮುರಿದುಕೊಂಡು, ಉಳಿದದ್ದಕ್ಕೆ ಪಟ್ಟಿ ಕೈಗೆ ಬಂದ ಮೇಲೆ ಅವನು ಬರಿಗೈಯಲ್ಲಿ ಊರಿಗೆ ಮರಳುವುದಿಲ್ಲ. ಮಂಡಿಪೇಟೆ, ಚೌಕಿಪೇಟೆಗಳ ಅಂಗಡಿಸಾಲಿನಲ್ಲಿ ಒಂದು ಸುತ್ತು ಹಾಕಿ, ಮಗಳ ಕಾಲೇಜಿನ ಫೀಸು ಕಟ್ಟಿ, ಮಂಡಕ್ಕಿ ಮಿರ್ಚಿ ತಿಂದು ಸಂಜೆ ಊರಿನ ದಾರಿ ಹಿಡಿಯುತ್ತಾನೆ. ಸಾಲ, ಫಸಲು, ಖರ್ಚು ಈ ಮೂರೂ ಒಂದೇ ಊರಿನಲ್ಲಿ ಗಂಟು ಬಿದ್ದಿರುವುದನ್ನೇ ನಾನು ರಾಜಧಾನಿ ಎನ್ನುತ್ತೇನೆ. ದಲ್ಲಾಳಿಯ ಋಣ ಅಷ್ಟು ಸುಲಭವಾಗಿ ತೀರುವುದಿಲ್ಲವೆಂಬುದು ಇದರ ಕಹಿ ಭಾಗ, ಅದನ್ನೂ ಬರೆದುಕೊಳ್ಳಿ.

ನಿಮ್ಮ ಊರಿನ ಆಳ್ವಿಕೆ ಎಲ್ಲಿಯವರೆಗೆ ಎಂಬುದನ್ನು ಲೆಕ್ಕದಿಂದಲೂ ಅಂದಾಜು ಮಾಡಬಹುದು. ಅಮೆರಿಕದ ವಿಲಿಯಂ ರೈಲಿ 1931ರಲ್ಲಿ ಮಂಡಿಸಿದ ನಿಯಮದ ಪ್ರಕಾರ, ಎರಡು ಊರುಗಳ ನಡುವಿನ ಗಿರಾಕಿಗಳನ್ನು ಸೆಳೆಯುವ ಬಲ ಜನಸಂಖ್ಯೆಯೊಡನೆ ಹೆಚ್ಚುತ್ತದೆ, ದೂರದ ವರ್ಗದೊಡನೆ ಕುಗ್ಗುತ್ತದೆ. 2011ರ ಜನಗಣತಿಯಲ್ಲಿ ದಾವಣಗೆರೆಯ ಜನಸಂಖ್ಯೆ ಸುಮಾರು 4.35 ಲಕ್ಷ, ಚಿತ್ರದುರ್ಗದ್ದು ಸುಮಾರು 1.45 ಲಕ್ಷ, ಅಂದರೆ ಮೂರಕ್ಕೆ ಒಂದು. ನಡುವಿನ ದೂರ ಸುಮಾರು 60 ಕಿಲೋಮೀಟರ್. ಮೂರರ ವರ್ಗಮೂಲ 1.73, ಅದಕ್ಕೆ ಒಂದನ್ನು ಕೂಡಿಸಿ 60ನ್ನು ಭಾಗಿಸಿದರೆ ಚಿತ್ರದುರ್ಗದ ಸೆಳೆತ ಅದರಿಂದ 22 ಕಿಲೋಮೀಟರ್ ದೂರಕ್ಕೆ ಮುಗಿಯುತ್ತದೆ. ಹೆದ್ದಾರಿಯಲ್ಲಿ ಅದು ಹೆಚ್ಚುಕಡಿಮೆ ಭರಮಸಾಗರದ ಹತ್ತಿರ ಬರುತ್ತದೆ. ಕಂದಾಯದ ಲೆಕ್ಕದಲ್ಲಿ ಭರಮಸಾಗರ ಚಿತ್ರದುರ್ಗ ತಾಲ್ಲೂಕಿನದು. ಅಲ್ಲಿನ ಬಸ್ ನಿಲ್ದಾಣದಲ್ಲಿ ಒಂದು ಬೆಳಗು ನಿಂತು, ಯಾವ ದಿಕ್ಕಿನ ಬಸ್ಸಿಗೆ ಚೀಲ ಹಿಡಿದವರು ಹೆಚ್ಚು ಹತ್ತುತ್ತಾರೆಂದು ಎಣಿಸಿ, ಲೆಕ್ಕವನ್ನು ಪರೀಕ್ಷಿಸಿ. ಫೈಲು ಹಿಡಿದವರನ್ನು ಬೇರೆಯಾಗಿ ಎಣಿಸಿ, ಅವರು ತಹಶೀಲ್ದಾರರನ್ನು ಕಾಣಲು ಹೊರಟವರು, ನಮ್ಮ ಲೆಕ್ಕಕ್ಕೆ ಸೇರುವುದಿಲ್ಲ. ಸಂತೆಯ ದಿನವನ್ನೂ ಮದುವೆಯ ಲಗ್ನಗಳು ದಟ್ಟವಾಗಿರುವ ದಿನಗಳನ್ನೂ ಬಿಡಿ. ನಾನು ಮೊದಲ ಸಲ ಇದನ್ನು ಮರೆತು, ದಿಬ್ಬಣದವರನ್ನೆಲ್ಲ ಗಿರಾಕಿಗಳೆಂದು ಬರೆದುಕೊಂಡು ಬಂದಿದ್ದೆ.

ಆಡಳಿತದ ಗಡಿ ಬದಲಾದ ತಾಲ್ಲೂಕು ಸಿಕ್ಕರೆ ಅದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಇನ್ನೊಂದಿಲ್ಲ. ನಮಗೆ ಹರಪನಹಳ್ಳಿ ಇದೆ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಬಂದ ಈ ತಾಲ್ಲೂಕು, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿಯ ಸವಲತ್ತಿನ ಸಲುವಾಗಿ 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಉದ್ಯೋಗದ, ಸೀಟಿನ ಮೀಸಲಾತಿಗೆ ಅದು ಸರಿಯಾದ ದಾರಿಯೇ. ಆದರೆ ಜಿಲ್ಲಾ ಕೇಂದ್ರವಾದ ಹೊಸಪೇಟೆಗಿಂತ ದಾವಣಗೆರೆ ಅಲ್ಲಿಗೆ ಹತ್ತಿರ. ಹೀಗಾಗಿ ಅರ್ಜಿ ಒಂದು ಕಡೆಗೂ ರೋಗಿ ಇನ್ನೊಂದು ಕಡೆಗೂ ಪ್ರಯಾಣ ಮಾಡುತ್ತಾರೆ. ಸರ್ಕಾರ ಮೂರು ಸಲ ವಿಳಾಸ ಬದಲಿಸಿದರೂ ಜನರ ಕಾಲುದಾರಿ ಬದಲಾಗಿದೆಯೇ ಎಂಬುದನ್ನು ಹರಪನಹಳ್ಳಿಯ ನಿಲ್ದಾಣದಲ್ಲಿ ನಿಂತು ನೋಡಿ.

ಮುಂದಿನ ಪರೀಕ್ಷೆಗೆ ಇತಿಹಾಸ ಬೇಕು: ತನ್ನ ಮುಖ್ಯ ಕಸುಬನ್ನು ಕಳೆದುಕೊಂಡ ಮೇಲೂ ಊರು ಯಜಮಾನಿಕೆ ಉಳಿಸಿಕೊಂಡಿದೆಯೇ? ಹತ್ತಿ ಗಿರಣಿಗಳ ಕಾಲದಲ್ಲಿ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಿತ್ತು. ಗಿರಣಿಗಳ ಸೈರನ್ ನಿಂತಿತು, ಊರು ನಿಲ್ಲಲಿಲ್ಲ. ಏಕೆಂದರೆ ಗಿರಣಿಗಳು ನಡೆಯುತ್ತಿದ್ದಾಗಲೇ 1951ರಲ್ಲಿ ಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು ಆರಂಭವಾಗಿದ್ದವು. ಮಗ್ಗದ ಜಾಗಕ್ಕೆ ಹಾಸ್ಟೆಲ್ಲೂ ನರ್ಸಿಂಗ್ ಹೋಮೂ ಬಂದವು. ಪಕ್ಕದ ಹರಿಹರಕ್ಕೆ ತುಂಗಭದ್ರೆಯ ನೀರಿತ್ತು, ರೈಲಿತ್ತು, 1224ರಲ್ಲಿ ಕಟ್ಟಿದ ಹೊಯ್ಸಳರ ದೇಗುಲವಿತ್ತು, ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಇತ್ತು. ಕಾರ್ಖಾನೆ ಮುಚ್ಚಿದಾಗ ಅದರ ಜಾಗವನ್ನು ತುಂಬುವ ಎರಡನೆಯ ಕಸುಬು ಮಾತ್ರ ಇರಲಿಲ್ಲ. ದುಡಿದ ಹಣವನ್ನು ಊರಿನ ಸಾಹುಕಾರರು ಮತ್ತೆ ಅದೇ ಊರಿನಲ್ಲಿ ಹೂಡಿದರೇ ಎಂಬುದನ್ನು ವಿಚಾರಿಸದೆ ಈ ಪರೀಕ್ಷೆ ಮುಗಿಯುವುದಿಲ್ಲ.

ಕೊನೆಗೆ, ನಕ್ಷೆಯೊಂದರ ಮೇಲೆ ನಿಮ್ಮ ಹಳ್ಳಿಗಳನ್ನು ಗುರುತಿಸಿ ಗೆರೆ ಎಳೆಯಿರಿ. ಗೆರೆ ಎಲ್ಲಿ ಹರಿಯುತ್ತದೆಯೋ ಅದನ್ನು ಮುಚ್ಚಿಡಬೇಡಿ. ಹಿರಿಯೂರಿನವರು ದಾವಣಗೆರೆಯತ್ತ ಮುಖ ಮಾಡುವುದು ಕಡಿಮೆ, ಅವರಿಗೆ ಹೆದ್ದಾರಿ ಬೆಂಗಳೂರಿನತ್ತ ಇಳಿಜಾರು. ಮಲೆನಾಡಿನ ಊರುಗಳಿಗೆ ಶಿವಮೊಗ್ಗವೇ ಪೇಟೆ. ಚನ್ನಗಿರಿಯ ಅಡಿಕೆ ಒಂದು ದಿಕ್ಕಿಗೆ, ಮಕ್ಕಳ ಕಾಲೇಜು ಇನ್ನೊಂದು ದಿಕ್ಕಿಗೆ ಇರಬಹುದು. 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದ ಹೊನ್ನಾಳಿಯಲ್ಲಿ ನಾನು ನಿಂತು ಎಣಿಸಿದ ದಿನ ಶಿವಮೊಗ್ಗದ ಬಸ್ಸೂ ದಾವಣಗೆರೆಯ ಬಸ್ಸೂ ತುಂಬಿಯೇ ಹೊರಟವು; ಆ ಊರನ್ನು ನನ್ನ ನಕ್ಷೆಯಲ್ಲಿ ಯಾವ ಬಣ್ಣವನ್ನೂ ಬಳಿಯದೆ ಬಿಟ್ಟಿದ್ದೇನೆ.